ದಿನಕ್ಕೆರಡು, ಏಳು ದಿನ

ಜೂನ್ ತಿಂಗಳು. ಬೈತಕೋಲದಲ್ಲಿ ದೋಣಿಗಳು ಹಗ್ಗ ಬಿಗಿದುಕೊಂಡು ನಿಂತಿವೆ.
ಔಷಧಿ ಕಿಂಡಿಯ ಆಚೆ ಪುರ್ಸೋ ತಾಂಡೇಲ,
ಕಣ್ಣು ಕೆಂಡ, ಮೀನಖಂಡ ಸಿಡಿತ.
ಚೀಟಿಯಲ್ಲಿ ಡಾಕ್ಟರರ ಗೀಚು: ಇಲಿಜ್ವರ.
ಬಲೆ ರಾಶಿ ಹಾಕಿದ ಶೆಡ್ಡು, ಬರಿಗಾಲು,
ರಾತ್ರಿ ಇಲಿ ಉಚ್ಚೆ ಹೊಯ್ದ ನೀರು,
ಹೆಬ್ಬೆರಳಿನ ಒಂದು ಸೀಳು.
ಒಳಗೆ ಬರಲು ಅಷ್ಟು ಸಾಕು.

ಹದಿನಾಲ್ಕು ಡಾಕ್ಸಿ ಎಣಿಸಿದೆ.
ಅವರಿಗೆ ಓದು ಬಾರದು. ಲಕೋಟೆಯ ಮೇಲೆ
ಒಂದು ಸೂರ್ಯ ಬರೆದೆ, ಒಂದು ಚಂದ್ರ.
ಉಂಡ ಮೇಲೆ, ತುಂಬ ನೀರು, ನುಂಗಿದ ಕೂಡಲೇ ಮಲಗಬೇಡಿ.
ಎಲೆ ಅಡಿಕೆ ಇದೆಯಾ?
ನಕ್ಕರು. ಹಲ್ಲೇ ಉತ್ತರ.
ಗುಳಿಗೆಯ ಹೊತ್ತಿಗೆ ಸುಣ್ಣ ಬೇಡ ಮಾರಾಯ್ರೆ,
ಅದು ಹೊಟ್ಟೆಯಲ್ಲೇ ಇದರ ಕೈ ಹಿಡಿದು ಕೂರಿಸಿಬಿಡುತ್ತದೆ.

ನಾಲ್ಕನೇ ದಿನ ಬೆಳಿಗ್ಗೆ ಅದೇ ಕಿಂಡಿ.
ಲಕೋಟೆ ಒಳಕ್ಕೆ ತಳ್ಳಿದರು. ಐದು ಉಳಿದಿದ್ದವು.
"ಜ್ವರ ಹೋಯ್ತು ಬಾಯಿ. ಮೂರು ನಮ್ಮ ಖಲಾಶಿ ಹುಡುಗನಿಗೆ ಕೊಟ್ಟೆ,
ಅವನಿಗೂ ಮೈ ಬಿಸಿ. ಇವು ಇನ್ಯಾರಿಗಾದರೂ ಆಗಲಿ."

ಸರತಿ ಉದ್ದವಿತ್ತು. ಆದರೂ ಹೇಳಿದೆ:

ಆ ಕ್ರಿಮಿಯೊಳಗೆ ಬಲೆ ಹೆಣೆಯುವ ಕೈಗಳಿವೆ, ಸಾವಿರಾರು.
ರೈಬೋಸೋಮ್ ಅಂತ ಪುಸ್ತಕದ ಹೆಸರು.
ಕೈಯ ನಡುವೆ ಒಂದು ಪಟ್ಟಿ ಸರಿಯುತ್ತದೆ, ಅದರ ತುಂಬ ಬರಹ.
ಮೂರಕ್ಷರ ಓದು, ಒಂದು ಗಂಟು.
ಮತ್ತೆ ಮೂರಕ್ಷರ, ಮತ್ತೊಂದು ಗಂಟು.
ಗಂಟು ಗಂಟಿಗೂ ನೂಲು ಹೊತ್ತು ತರುವ ಆಳು ಬೇರೆ;
ಅವನು ಬಂದು ನಿಲ್ಲಲು ಕೈಯಲ್ಲೊಂದು ಸಂದು.
ಹಾಗೆ ಹೆಣೆದದ್ದರಿಂದಲೇ ಅದರ ಈಜು, ಅದರ ಹಸಿವು, ಅದರ ಮರಿ.
ಈ ಗುಳಿಗೆ ಕತ್ತಿ ಹಿಡಿದು ಹೋಗುವುದಿಲ್ಲ.
ಆ ಸಂದಿನಲ್ಲಿ ಹೋಗಿ ಕೂರುತ್ತದೆ.
ಆಳು ಬರುತ್ತಾನೆ, ಜಾಗವಿಲ್ಲ, ಹೋಗುತ್ತಾನೆ.
ಇನ್ನೊಬ್ಬ ಬರುತ್ತಾನೆ.
ಗಂಟು ಬೀಳುವುದಿಲ್ಲ.

ಅವರ ಬೆರಳು ಗಾಳಿಯಲ್ಲೇ ಆಡಿತು, ಸೂಜಿಯಿಲ್ಲದೆ
ಬಲೆಯ ಒಂದು ಕಣ್ಣು ಹೆಣೆದು, ನಡುವೆ ನಿಂತಿತು.
"ಅಂದರೆ ಸತ್ತಿಲ್ಲ. ಕೈ ಕಟ್ಟಿ ಕೂತಿದೆ."
ಹೌದು.
"ಸಂದು ಖಾಲಿಯಾದರೆ?"
ಮತ್ತೆ ಹೆಣೆಯುತ್ತದೆ.
ಕಟ್ಟಿಹಾಕಿದ್ದನ್ನು ಮುಗಿಸುವುದು ನಿಮ್ಮ ರಕ್ತದ ಕೆಲಸ.
ಅದಕ್ಕೆ ದಿನ ಬೇಕು.

"ನನ್ನೊಳಗೂ ಅಂಥ ಕೈ ಇರಬೇಕಲ್ಲ?"
ಇವೆ. ಅವುಗಳ ಬೆರಳಿನ ಬಾಗು ಬೇರೆ,
ಈ ಗುಳಿಗೆ ಅಲ್ಲಿ ಸರಿಯಾಗಿ ಕೂರದು, ಎಂದೆ.
ಪೂರ್ತಿ ಹೇಳಲಿಲ್ಲ:
ಕೋಶ ಕೋಶದಲ್ಲೂ ಉಸಿರಿನ ಒಲೆ ಉರಿಸುವ
ಹಳೆಯ ನೆಂಟರಿದ್ದಾರೆ, ಎಂದೋ ಕ್ರಿಮಿಗಳಾಗಿಯೇ ಬಂದು ಉಳಿದವರು;
ಅವರ ಕೈ ಇನ್ನೂ ತವರಿನ ಕಡೆಯದೇ.
ಸರತಿಯಲ್ಲಿ ಅಜ್ಜಿಯೊಬ್ಬಳು ಕೆಮ್ಮುತ್ತಿದ್ದಳು.

ಹುಡುಗನನ್ನು ಕರೆತನ್ನಿ, ಅವನಿಗೆ ಅವನದೇ ಚೀಟಿ, ಎಂದು
ಮೂರು ಸೇರಿಸಿ ಲಕೋಟೆ ಹಿಂದಕ್ಕೆ ತಳ್ಳಿದೆ.

ಆಗಸ್ಟ್ ಬಂತು. ದೋಣಿಗೆ ಐಸು ತುಂಬುವ ಮುನ್ನ
ಒಂದು ತುಂಡು ನೈಲಾನ್ ದಾರ ಕಿಂಡಿಯಲ್ಲಿಟ್ಟರು.
ಗುಳಿಗೆಗೊಂದು ಗಂಟು, ಮೊದಲಿನ ಆರನ್ನೂ ನೆನಪಿನಿಂದ ಸೇರಿಸಿ.
ಎಣಿಸಿದೆ. ಮತ್ತೆ ಎಣಿಸಿದೆ. ಹದಿಮೂರು.
"ಒಂದು ಧಕ್ಕೆಯಲ್ಲಿ ಕೈಜಾರಿ ನೀರಿಗೆ ಬಿತ್ತು ಬಾಯಿ.
ಸುಳ್ಳು ಗಂಟು ಹೇಗೆ ಹಾಕಲಿ?"

ಸಂಜೆ ಕಿಂಡಿ ಮುಚ್ಚಿ ಧಕ್ಕೆಯ ತುದಿಗೆ ಹೋದೆ.
ಡೀಸೆಲ್ ತೇಲುವ ನೀರು, ಒಂದು ಹವಾಯಿ ಚಪ್ಪಲಿ.
ಆ ದಿನ ಅದರಡಿ ಎಲ್ಲೋ
ಮೂರಕ್ಷರ ಓದಿ ಮುಗಿಸಿದ ಯಾವುದೋ ಸಣ್ಣ ಕೈ
ನೂಲಿಗೆ ಕಾಯುತ್ತ
ಅರೆಗಂಟಿನಲ್ಲಿ ನಿಂತಿರಬೇಕು.